ಬೆಂಟನ್‌ವಿಲ್‌ಗೆ ಡೈರೆಕ್ಟ್ ಇಲ್ಲ

ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಕೂತ ತಂದೆತಾಯಿಗಳಲ್ಲಿ ಎರಡು ಪಂಗಡ. ಮೊದಲನೆಯವರ ಮಕ್ಕಳು ನ್ಯೂಯಾರ್ಕ್, ಶಿಕಾಗೊ, ಸ್ಯಾನ್‌ಫ್ರಾನ್ಸಿಸ್ಕೊಗಳಲ್ಲಿ ಇರುತ್ತಾರೆ. ಇವರು ಪುಣ್ಯವಂತರು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಹೆಣ್ಣುಮಕ್ಕಳೇ ಸೇರಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು, ನಡುವೆ ಎಲ್ಲೂ ಇಳಿಯದೆ ಬೆಂಗಳೂರಿಗೆ ವಿಮಾನ ತಂದರಲ್ಲ, ಆವತ್ತು ಖುಷಿಪಟ್ಟವರು ಈ ಪಂಗಡದವರು. ಎರಡನೆಯ ಪಂಗಡದವರು ಮಕ್ಕಳಿರುವ ಊರಿನ ಹೆಸರು ಹೇಳಿದರೆ ಎದುರಿಗಿದ್ದವರು ತಲೆ ಕೆರೆದುಕೊಂಡು, "ಅದು ಯಾವುದರ ಹತ್ತಿರ ಬರುತ್ತೆ?" ಅನ್ನುತ್ತಾರೆ. ನಾವು ಆ ಪೈಕಿ.

ನಮ್ಮ ಮಗಳು ಅಳಿಯ ಇರುವುದು ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ. 1950ರಲ್ಲಿ ಸ್ಯಾಮ್ ವಾಲ್ಟನ್ ಅನ್ನುವವರು ಆ ಊರಿನ ಚೌಕದಲ್ಲಿ ಒಂದು ಚಿಲ್ಲರೆ ಅಂಗಡಿ ಹಾಕಿದರು. 1962ರಲ್ಲಿ ಪಕ್ಕದ ರೋಜರ್ಸ್‌ನಲ್ಲಿ ಮೊದಲ ವಾಲ್‌ಮಾರ್ಟ್ ತೆರೆದರು. ಅಂಗಡಿ ಬೆಳೆದು ಜಗತ್ತನ್ನೇ ತುಂಬಿದರೂ ಹೆಡ್ಡಾಫೀಸು ಮಾತ್ರ ಆ ಊರು ಬಿಟ್ಟು ಕದಲಲಿಲ್ಲ. ಹಾಗಾಗಿ ಬನಶಂಕರಿಯಲ್ಲಿ ಕಂಪ್ಯೂಟರ್ ಕಲಿತ ಹುಡುಗರು ಬೆಂಟನ್‌ವಿಲ್‌ನಲ್ಲಿ ಮನೆ ಮಾಡುವಂತಾಯಿತು. ಊರಿಗೊಂದು ವಿಮಾನ ನಿಲ್ದಾಣವೂ ಇದೆ. 1998ರಲ್ಲಿ ಆರ್ಕನ್ಸಾದವರೇ ಆದ ಅಧ್ಯಕ್ಷ ಕ್ಲಿಂಟನ್ ಬಂದು ಉದ್ಘಾಟಿಸಿದರು. ಟಿಕೆಟ್ಟಿನ ಮೇಲೆ ಅದರ ಹೆಸರು ಎಕ್ಸ್‌ಎನ್‌ಎ. ಬೆಂಗಳೂರಿನಿಂದಿರಲಿ, ಯುರೋಪಿನ ಯಾವ ಊರಿನಿಂದಲೂ ಅಲ್ಲಿಗೆ ನೇರ ವಿಮಾನ ಇಲ್ಲ.

ಇದೇಕೆ ಹೀಗೆ ಎಂದು ಅಳಿಯಂದಿರು ಫೋನಿನಲ್ಲಿ ವಿವರಿಸಿದರು. 1978ರಲ್ಲಿ ಅಮೆರಿಕ ಸರ್ಕಾರ ವಿಮಾನ ಕಂಪನಿಗಳ ಮೇಲಿದ್ದ ಹಿಡಿತ ಸಡಿಲಿಸಿತಂತೆ. ಕಂಪನಿಗಳು ಒಂದೊಂದು ದೊಡ್ಡ ಊರನ್ನು ಹಿಡಿದು, ಸಣ್ಣ ಊರಿನವರನ್ನೆಲ್ಲ ಅಲ್ಲಿಗೆ ತಂದು ಸುರಿದು, ಅಲ್ಲಿಂದ ಬೇರೆ ಕಡೆಗೆ ಹಂಚುವ ಪದ್ಧತಿ ಬೆಳೆಸಿದವಂತೆ. ಶ್ರೀನಗರ ಬಸ್ ಸ್ಟ್ಯಾಂಡಿನ ಪಕ್ಕ ಸಂಸಾರ ಮಾಡಿದವರಿಗೆ ಇಷ್ಟೆಲ್ಲ ಬಿಡಿಸಿ ಹೇಳಬೇಕೆ? ಯಶವಂತಪುರಕ್ಕೆ ಹೋಗಲಿ, ಯಲಹಂಕಕ್ಕೆ ಹೋಗಲಿ, ನಮಗೆ ಮೊದಲು ಮೆಜೆಸ್ಟಿಕ್. ಅಮೆರಿಕದ ದಕ್ಷಿಣದ ಕಡೆಯವರು ಹೇಳಿಕೊಂಡು ನಗುತ್ತಾರಂತೆ: ಸತ್ತವನು ಸ್ವರ್ಗಕ್ಕೆ ಹೋಗಲಿ, ನರಕಕ್ಕೆ ಹೋಗಲಿ, ಅಟ್ಲಾಂಟಾದಲ್ಲಿ ವಿಮಾನ ಬದಲಿಸಲೇಬೇಕು ಎಂದು.

ಮಗಳಿಗೆ ಏಪ್ರಿಲ್‌ನಲ್ಲಿ ಹೆರಿಗೆ. ಮಾರ್ಚ್ ಮುಗಿಯುವುದರೊಳಗೆ ನಾವು ಅಲ್ಲಿರಬೇಕು. ಬಾಣಂತನಕ್ಕೆ ಹೋಗುವವಳು ನಾನು. ನನ್ನ ಜೊತೆಗೆ ನಮ್ಮವರು. ಆದರೆ ಪ್ಲಾನು ಶುರುವಾದ ಮೇಲೆ ನೋಡಿದವರಿಗೆ ಬಾಣಂತನಕ್ಕೆ ಹೊರಟಿರುವುದು ನಮ್ಮವರೇ ಅನ್ನಿಸುತ್ತಿತ್ತು. ಬ್ಯಾಂಕಿನಿಂದ ರಿಟೈರಾದ ಮೇಲೆ ಲೆಕ್ಕ ಹಾಕಲು ಏನೂ ಸಿಗದೆ ಸೊರಗಿದ್ದ ಮನುಷ್ಯ, ಹೊಸ ಲಾಂಗ್‌ಬುಕ್ಕು ತಂದು ಗೆರೆ ಎಳೆದು ಕೂತರು. ಮೊದಲ ದಿನವೇ ಕಂಪ್ಯೂಟರಿನಲ್ಲಿ "ಹೊರಡುವ ಸ್ಥಳ" ಅನ್ನುವಲ್ಲಿ ಶ್ರೀನಗರ ಎಂದು ಒತ್ತಿದರು. ಅದು ನಮ್ಮನ್ನು ಕಾಶ್ಮೀರದಿಂದ ಹೊರಡಿಸಿ, ದೆಹಲಿಯಲ್ಲಿ ಒಂದು ರಾತ್ರಿ ಮಲಗಿಸಿತು. "ಹೋಗ್ತಾ ಹಾಗೇ ದಾಲ್ ಲೇಕೂ ನೋಡಿಕೊಂಡು ಹೋಗೋಣ ಬಿಡಿ" ಎಂದೆ. ಅವರು ನಗಲಿಲ್ಲ.

ಅಳಿಯಂದಿರು ಕಳಿಸಿದ ಎಕ್ಸೆಲ್ ಶೀಟಿನಲ್ಲಿ ಬೆಂಗಳೂರು, ಫ್ರಾಂಕ್‌ಫರ್ಟ್, ಶಿಕಾಗೊ, ಎಕ್ಸ್‌ಎನ್‌ಎ ಎಂದಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ಬಿಡುವು ಒಂದು ಗಂಟೆ ಹತ್ತು ನಿಮಿಷ. "ಮಾವ, ಅಲ್ಲಿ ಮಿನಿಮಮ್ ಕನೆಕ್ಟಿಂಗ್ ಟೈಮು 45 ನಿಮಿಷ ಅಷ್ಟೆ. ಇನ್ನೂ 25 ನಿಮಿಷ ಮಿಗುತ್ತೆ" ಎಂದರು. ಈ ಮಿನಿಮಮ್ ಎನ್ನುವುದು ವಿಮಾನ ನಿಲ್ದಾಣದವರೂ ವಿಮಾನದವರೂ ಸೇರಿ ಗೊತ್ತುಮಾಡಿದ ಹೊತ್ತು. ಅದಕ್ಕಿಂತ ಕಡಿಮೆ ಇದ್ದರೆ ಕಂಪ್ಯೂಟರ್ ಟಿಕೆಟ್ಟನ್ನೇ ಕೊಡುವುದಿಲ್ಲ. ಸರಿ, ಆದರೆ ಆ 45 ನಿಮಿಷ ಲೆಕ್ಕ ಹಾಕಿದ ಪುಣ್ಯಾತ್ಮ ನಮ್ಮವರು ಬಾತ್‌ರೂಮಿಗೆ ಹೋಗಿ ಬರುವುದನ್ನು ಕಂಡವನಲ್ಲ. ಅಳಿಯಂದಿರಿಗೆ ಇದನ್ನು ಬಾಯಿಬಿಟ್ಟು ಹೇಳಲಾಗುತ್ತದೆಯೆ? "ನಿಧಾನವಾಗಿ ಹೋಗೋಣ ಅಂತ ಇದ್ದೀವಪ್ಪ" ಎಂದೆ. ಮೂವತ್ತರ ಅಳಿಯನಿಗೆ ನಿಧಾನ ಎಂದರೆ ಎರಡು ಗಂಟೆ.

ನಮ್ಮ ಬೀದಿಯಲ್ಲಿ ಇಂಥದ್ದಕ್ಕೆಲ್ಲ ಕೊನೆಯ ಮಾತು ಎದುರುಮನೆ ಮೇಷ್ಟ್ರದು. ಅವರ ಮಗಳು ಇಲಿನಾಯ್‌ನ ಪಿಯೋರಿಯಾದಲ್ಲಿದ್ದಾಳೆ; ಅದೂ ನಮ್ಮ ಪಂಗಡದ ಊರೇ. ಜಗಲಿಯ ಮೇಲೆ ಕೂತು, ನೆಲದ ಮೇಲೆ ಬೆರಳಾಡಿಸಿ ಮೇಷ್ಟ್ರು ಫ್ರಾಂಕ್‌ಫರ್ಟ್ ಬರೆದರು. "ಇಲ್ಲಿ ಬಿ ಗೇಟು, ಇಲ್ಲಿ ಎ ಗೇಟು. ಮಧ್ಯೆ ನೆಲದಡಿಯಲ್ಲಿ ಸುರಂಗ. ಎ ಮೇಲಿನ ಮಹಡಿಯಲ್ಲಿ ಝಡ್ ಗೇಟು. ಅಮೆರಿಕದ ವಿಮಾನ ಹೆಚ್ಚಾಗಿ ಝಡ್‌ನಲ್ಲಿ. ಕೆಲವು ಸಲ ವಿಮಾನವನ್ನು ದೂರ ನಿಲ್ಲಿಸಿ ಬಸ್ಸಲ್ಲಿ ಕರ್ಕೊಂಡು ಬರ್ತಾರೆ. ಆಮೇಲೆ ಇನ್ನೊಂದು ಸಲ ಚೆಕಿಂಗು, ಬೆಲ್ಟು ಬಿಚ್ಚು, ನೀರಿನ ಬಾಟಲು ಬಿಸಾಕು." ನಮ್ಮವರು ಎಲ್ಲವನ್ನೂ ಬರೆದುಕೊಂಡರು. ಮೇಷ್ಟ್ರು ಬೆರಳೆತ್ತಿ ಹೇಳಿದರು: "ಫ್ರಾಂಕ್‌ಫರ್ಟ್‌ನಲ್ಲಿ ಮೂರು ಗಂಟೆ. ಆದರೆ ಶಿಕಾಗೊದಲ್ಲಿ ನಾಲ್ಕಕ್ಕೆ ಕಮ್ಮಿ ಇಟ್ಕೋಬೇಡಿ ಸಾರ್. ನನ್ನ ಮಾತು ಕೇಳಿ. ಮತ್ತೆ, ಶನಿವಾರವೇ ಇಳಿಯೋ ಹಾಗೆ ನೋಡಿ. ಜನ ಕಮ್ಮಿ."

ಶಿಕಾಗೊಗೆ ನಾಲ್ಕು ಗಂಟೆ ಏಕೆಂದರೆ ಅಮೆರಿಕದ ಕಾನೂನು ಹಾಗಿದೆ. ಬೆಂಗಳೂರಿನಲ್ಲೇ ಪೆಟ್ಟಿಗೆಗೆ ಎಕ್ಸ್‌ಎನ್‌ಎ ಎಂದು ಚೀಟಿ ಅಂಟಿಸಿ ಕೊಟ್ಟರೂ, ಆ ದೇಶದಲ್ಲಿ ಕಾಲಿಟ್ಟ ಮೊದಲ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆಗಳನ್ನು ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ ಹೊರಗೆ ಬಂದು, ಮತ್ತೆ ಅವರ ಕೈಗೇ ಒಪ್ಪಿಸಬೇಕು. ಆಮೇಲೆ ಪುಟ್ಟ ರೈಲು ಹತ್ತಿ ಬೇರೆ ಟರ್ಮಿನಲ್ಲಿಗೆ ಹೋಗಿ, ಮತ್ತೊಮ್ಮೆ ಚೆಕಿಂಗು. ನಮ್ಮವರು ಇದನ್ನು ತಪ್ಪಿಸುವ ದಾರಿ ಹುಡುಕಿ ಐರ್ಲೆಂಡಿನ ಡಬ್ಲಿನ್‌ಗೆ ಬಂದು ನಿಂತರು. ಅಮೆರಿಕದ ಅಧಿಕಾರಿಗಳು ಡಬ್ಲಿನ್ ಮತ್ತು ಶಾನನ್ ನಿಲ್ದಾಣಗಳಲ್ಲೇ ಕೂತು ಇಮಿಗ್ರೇಷನ್ನು, ಕಸ್ಟಮ್ಸು ಎರಡನ್ನೂ ಮುಗಿಸಿ ಕಳಿಸುತ್ತಾರೆ. ಶಿಕಾಗೊದಲ್ಲಿ ಇಳಿದಾಗ ನೀವು ಒಳನಾಡಿನ ಪ್ರಯಾಣಿಕರ ಹಾಗೆ ಸೀದಾ ನಡೆಯಬಹುದು. ನಮ್ಮವರು ಎರಡು ದಿನ ಡಬ್ಲಿನ್ ಜಪ ಮಾಡಿದರು. ಮೂರನೆಯ ದಿನ ಬೆಂಗಳೂರಿನಿಂದ ಡಬ್ಲಿನ್‌ಗೆ ಡೈರೆಕ್ಟ್ ಇಲ್ಲ, ಅದಕ್ಕೆ ಇನ್ನೊಂದು ಕನೆಕ್ಷನ್ ಬೇಕು ಎಂದು ಗೊತ್ತಾಗಿ ಜಪ ನಿಂತಿತು.

ಅಗ್ಗದ ದಾರಿಯೂ ಒಂದಿತ್ತು. ಯುರೋಪಿನವರೆಗೆ ಒಂದು ಟಿಕೆಟ್ಟು, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯದು ಇನ್ನೊಂದು. ಮೂಲೆಮನೆ ರಾಯರು ಹಾಗೆ ಹೋಗಿ ಬಂದವರು. ಮೊದಲ ವಿಮಾನ ತಡವಾಯಿತು, ಎರಡನೆಯದು ಹೊತ್ತಿಗೆ ಸರಿಯಾಗಿ ಹೋಗಿಬಿಟ್ಟಿತು. ಮೊದಲನೆಯವರು "ನಾವು ತಲುಪಿಸಿಯಾಯಿತಲ್ಲ" ಎಂದರು. ಎರಡನೆಯವರು "ನೀವು ಬರಲೇ ಇಲ್ಲವಲ್ಲ" ಎಂದರು. ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ಟಿದ್ದರೆ ಕನೆಕ್ಷನ್ ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ತಲೆನೋವು, ಎರಡಿದ್ದರೆ ನಮ್ಮದು. ಇಷ್ಟು ಕಲಿಯಲು ರಾಯರಿಗೆ ಆದ ಖರ್ಚಿನಲ್ಲಿ ನಮ್ಮ ಬೀದಿಯವರೆಲ್ಲ ಪುಕ್ಕಟೆ ವಿದ್ಯಾವಂತರಾದೆವು.

ಈ ವಿದ್ಯೆಯ ಬೆನ್ನು ಹತ್ತಿದ ನಮ್ಮವರಿಗೆ ಯುರೋಪಿನ 261 ನಂಬರಿನ ಕಾಯಿದೆ ಸಿಕ್ಕಿತು. 2004ರದು. ಯುರೋಪಿನ ಒಕ್ಕೂಟದಿಂದ ಹೊರಡುವ ದೂರದ ವಿಮಾನ, ಕಂಪನಿಯ ತಪ್ಪಿನಿಂದ ತೀರ ತಡವಾಗಿ ತಲುಪಿದರೆ ತಲೆಗೆ 600 ಯೂರೊವರೆಗೆ ಪರಿಹಾರ. ಇಬ್ಬರಿಗೆ 1,200. ನಮ್ಮವರ ಕಣ್ಣು ಮಿನುಗಿತು. ಅವತ್ತಿನಿಂದ ಯಾವ ವಿಮಾನ ಹೊತ್ತಿಗೆ ಸರಿಯಾಗಿ ಹೋಗುತ್ತದೆ ಎಂದು ಹುಡುಕುತ್ತಿದ್ದವರು ಯಾವುದು ತಡವಾಗುತ್ತದೆ ಎಂದು ಹುಡುಕತೊಡಗಿದರು. "ನೋಡೇ, ಇದು ವಾರಕ್ಕೆರಡು ಸಲ ಲೇಟು" ಎಂದು ಸಂಭ್ರಮದಿಂದ ತೋರಿಸುತ್ತಿದ್ದರು. ಮಗಳ ಹೆರಿಗೆಗೆ ಹೊರಟಿದ್ದೇವೋ, ಪರಿಹಾರದ ದುಡ್ಡಿಗೆ ಹೊರಟಿದ್ದೇವೋ ಎಂದು ಕೇಳಿದ ಮೇಲೆ ಕಾಯಿದೆಯನ್ನು ಪೂರ್ತಿ ಓದಿದರು. ಕಂಪನಿಯ ಕೈಮೀರಿದ ಕಾರಣವಿದ್ದರೆ ಪರಿಹಾರ ಇಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿ ಬೂದಿ ಉಗುಳಿ ಯುರೋಪಿನ ಆಕಾಶವೇ ಮುಚ್ಚಿದಾಗ ಸಿಕ್ಕಿಕೊಂಡವರಿಗೆ ಊಟ, ವಸತಿ ಕೊಡಬೇಕಾಗಿತ್ತು, ಪರಿಹಾರ ಕೊಡಬೇಕಾಗಿರಲಿಲ್ಲ. "ಎಲ್ಲದಕ್ಕೂ ಒಂದು ಕಂಡೀಷನ್ ಇಟ್ಟಿರ್ತಾರೆ" ಎಂದು ಬ್ಯಾಂಕಿನವರೇ ಗೊಣಗಿದ್ದನ್ನು ಕೇಳಿ ನನಗೆ ಬಹಳ ತೃಪ್ತಿಯಾಯಿತು.

ಇಷ್ಟು ಹೊತ್ತೂ ಮಠದ ಪಂಚಾಂಗ ಮೊಳೆಗೆ ತೂಗುಹಾಕಿಕೊಂಡು ತನ್ನ ಸರದಿಗೆ ಕಾಯುತ್ತಿತ್ತು. ಅಳಿಯಂದಿರು ಹುಡುಕಿದ ಅತಿ ಅಗ್ಗದ ದಿನ ಏಕಾದಶಿಯಾಗಿತ್ತು. ವಿಮಾನದ ಊಟ ತಾನೇ, ಬಿಟ್ಟರಾಯಿತು ಅನ್ನುವಷ್ಟು ಸುಲಭವಲ್ಲ ಅದು. ಪಶ್ಚಿಮಕ್ಕೆ ಹಾರಿದಷ್ಟೂ ಹಗಲು ಹಿಗ್ಗುತ್ತದೆ. ಬೇಸಿಗೆಯ ಗಡಿಯಾರದಲ್ಲಿ ಬೆಂಟನ್‌ವಿಲ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಂದರೆ ಬೆಂಗಳೂರಿನಲ್ಲಿ ಹಿಡಿದ ಏಕಾದಶಿಯನ್ನು ಬೆಂಟನ್‌ವಿಲ್‌ನ ದ್ವಾದಶಿ ಬೆಳಗಿನಲ್ಲಿ ಬಿಡಬೇಕಾದರೆ, ಉಪವಾಸ 24 ಗಂಟೆಯ ಜೊತೆಗೆ ಇನ್ನೂ ಹತ್ತೂವರೆ ಗಂಟೆ. ನಮ್ಮವರು ಲಾಂಗ್‌ಬುಕ್ಕಿನಲ್ಲಿ ಬರೆದರು: "ಹೋಗುವಾಗ ಏಕಾದಶಿ ಬೇಡ. ಬರುವಾಗ ಇರಲಿ." ವಾಪಸು ಬರುವಾಗ ಪೂರ್ವಕ್ಕೆ ಹಾರುವುದರಿಂದ ಹದಿಮೂರೂವರೆ ಗಂಟೆಯಲ್ಲಿ ಪಾರಣೆ. ಒಂದು ವ್ರತ ಅರ್ಧ ಬೆಲೆಗೆ ಸಿಕ್ಕಿತಲ್ಲ ಎಂದು ಬೀಗಿದರು.

ಗಡಿಯಾರದ್ದು ಬೇರೆಯೇ ಕಥೆ. ಅಮೆರಿಕದವರು ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಯುರೋಪಿನವರು ಅದೇ ಕೆಲಸವನ್ನು ಕೊನೆಯ ಭಾನುವಾರ ಮಾಡುತ್ತಾರೆ. ಈ ಎರಡು ಭಾನುವಾರಗಳ ನಡುವೆ ಫ್ರಾಂಕ್‌ಫರ್ಟ್‌ಗೂ ಶಿಕಾಗೊಗೂ ಇರುವ ಏಳು ಗಂಟೆಯ ಅಂತರ ಆರಾಗುತ್ತದೆ. ನಾವು ಹೊರಡಬೇಕಾದದ್ದು ಸರಿಯಾಗಿ ಆ ನಡುವೆಯೇ. ಟಿಕೆಟ್ಟಿನಲ್ಲಿ ಒಂದು ಗಂಟೆ ಹೆಚ್ಚುಕಮ್ಮಿ ಕಂಡು ನಮ್ಮವರು ಕಂಪನಿಯ ಲೆಕ್ಕ ತಪ್ಪು ಎಂದು ರಾತ್ರಿ ಹನ್ನೊಂದಕ್ಕೆ ಅಳಿಯಂದಿರಿಗೆ ಫೋನು ಹಚ್ಚಿದರು. ಅವರು ಆಫೀಸಿನ ಮೀಟಿಂಗಿನಲ್ಲಿ ಕೂತೇ ಇದನ್ನೆಲ್ಲ ಪಿಸುಮಾತಿನಲ್ಲಿ ವಿವರಿಸಿದರು. ಅಳಿಯನಾಗುವುದೆಂದರೆ ಸುಮ್ಮನೆಯೆ?

ಕೊನೆಗೂ ಏಕಾದಶಿಯೂ ಇಲ್ಲದ, ಮೇಷ್ಟ್ರು ಹೇಳಿದ ಶನಿವಾರವೂ ಆದ ದಿನ ಸಿಕ್ಕಿತು. ವಿಮಾನ ಹೊರಡುವುದು ಬೆಳಗಿನ ಜಾವ ಮೂರು ದಾಟಿದ ಮೇಲೆ. ಕಂಪನಿಯವರ ಪ್ರಕಾರ ಶನಿವಾರ. ಪಂಚಾಂಗದ ಪ್ರಕಾರ ಸೂರ್ಯ ಹುಟ್ಟುವವರೆಗೆ ಇನ್ನೂ ಶುಕ್ರವಾರ. ಶುಕ್ರವಾರ ಪಶ್ಚಿಮಕ್ಕೆ ಶೂಲೆ. ಅಮೆರಿಕ ಇರುವುದೇ ಪಶ್ಚಿಮದಲ್ಲಿ. "ನಾವು ಮೊದಲು ಹೋಗೋದು ದೇವನಹಳ್ಳಿಗೆ. ಅದು ಉತ್ತರ ಅಲ್ಲವೇನ್ರೀ?" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಏರ್‌ಪೋರ್ಟು ಪ್ರಯಾಣ ಅಲ್ಲ ಕಣೇ, ಕನೆಕ್ಷನ್ನು" ಎಂದರು. ಕಡೆಗೆ ಹಿರಿಯರ ಕಾಲದ ಉಪಾಯವೇ ಕೈಹಿಡಿಯಿತು: ಪ್ರಸ್ಥಾನ. ಹೊರಡುವ ದಿನ ಸರಿಯಿಲ್ಲದಿದ್ದರೆ ಒಳ್ಳೆಯ ದಿನ ನೋಡಿ ಗಂಟುಮೂಟೆಯಲ್ಲಿ ಒಂದನ್ನು ದಾರಿಯ ದಿಕ್ಕಿನ ಮನೆಯಲ್ಲಿ ಇಟ್ಟು ಬಂದರಾಯಿತು. ಪ್ರಯಾಣ ಆಗಲೇ ಶುರುವಾದಂತೆ. ಮೇಷ್ಟ್ರ ಮನೆ ನಮ್ಮ ಮನೆಗೆ ಪಶ್ಚಿಮಕ್ಕಿದೆ. ಗುರುವಾರವೇ ಒಂದು ಪೆಟ್ಟಿಗೆ ಅಲ್ಲಿಗೆ ಹೋಗಬೇಕು ಎಂದು ನಿಶ್ಚಯವಾಯಿತು.

ಪೆಟ್ಟಿಗೆ ಎಂದರೆ ತಲೆಗೆರಡು, ಒಂದೊಂದು 23 ಕೆ.ಜಿ. ಬಟ್ಟೆಯ ತೂಕ ಬೇಗ ಮುಗಿಯಿತು. ಮಿಕ್ಕದ್ದೆಲ್ಲ ಮೆಣಸಿನ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಬಾಣಂತಿ ಲೇಹ್ಯ, ಗಾಂಧಿ ಬಜಾರಿನ ಹಪ್ಪಳ. ಅಂಟಿನುಂಡೆಗೆ ಎಂದು ತಿಪಟೂರು ಕೊಬ್ಬರಿ ತರಿಸಿದ್ದೆ. ಅಷ್ಟರಲ್ಲಿ ನಮ್ಮವರು ವಿಮಾನದಲ್ಲಿ ಸಾಗಿಸಬಾರದ ಅಪಾಯಕಾರಿ ವಸ್ತುಗಳ ಪಟ್ಟಿ ಹಿಡಿದು ಅಡುಗೆಮನೆಗೆ ಬಂದರು. ಅದರಲ್ಲಿ ಕೊಬ್ಬರಿಗೂ ಒಂದು ನಂಬರು: ಯುಎನ್ 1363. ಎಣ್ಣೆಯ ಪಸೆ ಇರುವ ಒಣ ಕೊಬ್ಬರಿ ರಾಶಿಯಲ್ಲಿ ಕಾವು ಏರಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದಂತೆ. ನಲವತ್ತು ವರ್ಷ ಒಲೆಯ ಪಕ್ಕದ ಡಬ್ಬಿಯಲ್ಲಿ ಸ್ಫೋಟಕ ಇಟ್ಟುಕೊಂಡು ಸಂಸಾರ ಮಾಡಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಂಟಿನುಂಡೆ ಅಲ್ಲಿಯೇ ಕಟ್ಟುವುದು ಎಂದಾಯಿತು.

ಕರಿಬೇವೂ ಹೋಯಿತು. ನಿಂಬೆ, ಕಿತ್ತಳೆಯ ತೋಟಗಳಿಗೆ ರೋಗ ಹರಡುವ ಒಂದು ಹುಳ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ ಎಂದು ಅಮೆರಿಕದವರು ಅದನ್ನು ಒಳಗೆ ಬಿಡುವುದಿಲ್ಲ. ಪೇಪರಿನಲ್ಲಿ ಸುತ್ತಿ ಸೀರೆಯ ಮಡಿಕೆಯಲ್ಲಿ ಇಟ್ಟರೆ ಯಾರಿಗೆ ಗೊತ್ತಾಗುತ್ತೆ ಎಂದು ಪಕ್ಕದ ಮನೆಯವರು ಧೈರ್ಯ ಹೇಳಿದರು. ಮೇಷ್ಟ್ರು ನಾಯಿಯ ವಿಷಯ ಎತ್ತಿದರು. ಬೀಗಲ್ ಜಾತಿಯ ನಾಯಿಗಳು 1984ರಿಂದಲೂ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಪೆಟ್ಟಿಗೆ ಮೂಸುತ್ತ ಓಡಾಡುತ್ತಿವೆ. 2018ರಲ್ಲಿ ಅಟ್ಲಾಂಟಾದಲ್ಲಿ ಹಾರ್ಡಿ ಎಂಬ ನಾಯಿ ಒಬ್ಬ ಪ್ರಯಾಣಿಕನ ಲಗೇಜಿನಲ್ಲಿ ಇಡೀ ಹುರಿದ ಹಂದಿಯ ತಲೆಯನ್ನೇ ಪತ್ತೆ ಮಾಡಿತ್ತು. ಅಂಥ ದೊಡ್ಡ ಕೇಸು ಹಿಡಿದವರ ಕೈಗೆ ಒಂದು ಕಟ್ಟು ಕರಿಬೇವಿನ ಜೊತೆ ಸಿಕ್ಕುವುದು ಮರ್ಯಾದೆಯಲ್ಲ ಎಂದು ಬಿಟ್ಟೆ.

ಕೊನೆಯ ಜಗಳ ವೀಲ್‌ಚೇರಿನದು. "ದಿನಾ ಬೆಳಿಗ್ಗೆ ರಾಮಾಂಜನೇಯ ಗುಡ್ಡ ಹತ್ತೋನು ನಾನು. ನನಗೆ ಕುರ್ಚಿಯೇ?" ಎಂದು ನಮ್ಮವರು ಹಾರಾಡಿದರು. ಮೇಷ್ಟ್ರು ಶಾಂತವಾಗಿ, "ಸಾರ್, ಕುರ್ಚಿ ಕಾಲಿಗಲ್ಲ, ದಾರಿಗೆ. ತಳ್ಳೋರಿಗೆ ಗೇಟು ಗೊತ್ತಿರುತ್ತೆ" ಎಂದರು. ಕಾಲು ನಿಜಕ್ಕೂ ನಡೆಯದವರ ಪಾಲಿನ ಕುರ್ಚಿಯನ್ನು ಗುಡ್ಡ ಹತ್ತುವವರು ಹಿಡಿಯುವುದು ನ್ಯಾಯವೇ ಅನ್ನುವುದು ನನ್ನ ಪ್ರಶ್ನೆ. ಮಂಡಿನೋವು ಇರುವವಳು ನಾನೊಬ್ಬಳೇ, ಆದ್ದರಿಂದ ನನಗೊಂದು ಕುರ್ಚಿ, ಅವರು ಹಿಂದೆ ನಡೆಯುವುದು ಎಂದು ತೀರ್ಮಾನವಾಯಿತು. ಮದುವೆಯಾದ ಮೇಲೆ ನಾನು ಮುಂದೆ, ಅವರು ಹಿಂದೆ ಹೋಗುವ ಮೊದಲ ಪ್ರಯಾಣಕ್ಕೆ ಫ್ರಾಂಕ್‌ಫರ್ಟ್‌ವರೆಗೆ ಹೋಗಬೇಕಾಯಿತು ನೋಡಿ.

ಗುರುವಾರ ಒಳ್ಳೆಯ ಹೊತ್ತಿನಲ್ಲಿ, ಗುಜರಿಯವನಿಂದ ಎರವಲು ತಂದ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಗಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ರಸ್ತೆ ದಾಟಿಸಿ ಮೇಷ್ಟ್ರ ಹಜಾರದಲ್ಲಿ ನಿಲ್ಲಿಸಿ ಬಂದೆವು. ಸಂಜೆ ಮೇಷ್ಟ್ರು ಬಂದರು. ಕೈಯಲ್ಲಿ ಚೀಟಿ ಇತ್ತು.

"ನಿಮ್ಮ ಪೆಟ್ಟಿಗೆ ತೂಗಿ ನೋಡಿದೆ ಸಾರ್. ಮಗಳು ಕಳಿಸಿದ ಡಿಜಿಟಲ್ ಇದೆ ನಮ್ಮಲ್ಲಿ. 21 ಕೆ.ಜಿ. 700 ಗ್ರಾಂ. ಗುಜರಿ ತಕ್ಕಡಿ ಜಾಸ್ತಿ ತೋರಿಸಿದೆ."

ತಕ್ಕಡಿಯ ವಿಷಯಕ್ಕೆ ನಮ್ಮವರ ಮುಖ ಕೆಂಪಾಯಿತು. ಮೇಷ್ಟ್ರು ಗಮನಿಸಲಿಲ್ಲ.

"ಅಂದರೆ ಇನ್ನೂ ಒಂದು ಕೆ.ಜಿ. 300 ಗ್ರಾಂ ಜಾಗ ಇದೆ. ನಮ್ಮ ಮನೆಯವಳು ಒಂದಿಷ್ಟು ಹುಳಿಪುಡಿ, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಮಗಳಿಗೆ."

"ನಿಮ್ಮ ಮಗಳಿರೋದು ಪಿಯೋರಿಯಾದಲ್ಲಿ ಅಲ್ಲವಾ ಮೇಷ್ಟ್ರೇ?" ಎಂದೆ.

"ಶಿಕಾಗೊಗೆ ಕಾರಲ್ಲಿ ಮೂರು ಗಂಟೆ ಅಷ್ಟೆ. ಅವಳೇ ಬಂದು ತಗೋತಾಳೆ. ಕಸ್ಟಮ್ಸ್ ಆದ ಮೇಲೆ ನೀವು ಹೇಗೂ ಪೆಟ್ಟಿಗೆ ತಗೊಂಡು ಹೊರಗೆ ಬರಲೇಬೇಕಲ್ಲ, ಅಲ್ಲೇ ತೆಗೆದು ಕೊಟ್ಟುಬಿಡಿ. ಒಂದು ಗಂಟೆ ಕೂತು ಮಾತಾಡಿದರೂ ನಿಮಗೆ ಇನ್ನೂ ಹೊತ್ತಿರುತ್ತೆ. ಅದಕ್ಕೇ ಅಲ್ಲವೇ ನಾಲ್ಕು ಗಂಟೆ ಇಟ್ಕೊಳ್ಳಿ ಅಂದದ್ದು?"

ನಮ್ಮವರು ಲಾಂಗ್‌ಬುಕ್ಕನ್ನು ಮೆಲ್ಲಗೆ ಮುಚ್ಚಿದರು. ನಾನು, "ಅವಳಿಗೆ ಆಫೀಸು ಇರುವುದಿಲ್ಲವೇ?" ಎಂದು ಕೇಳಿದೆ.

"ಶನಿವಾರ ಅಲ್ಲವೇನಮ್ಮ! ರಜಾ ದಿನ ನೋಡಿಯೇ ಹೇಳಿದ್ದು" ಎಂದರು ಮೇಷ್ಟ್ರು.